ಬಣವಿ ಬೆಂಕಿ, ಕಾಡಿನ ಕಿಚ್ಚು: ಧಾರವಾಡ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳಲ್ಲಿ ಅಗ್ನಿಶಾಮಕ ಸನ್ನದ್ಧತೆ

ಅಂಕೋಲಾದಿಂದ ಯಲ್ಲಾಪುರ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 52 ಕಾಡಿನ ಸೆರಗು ಹಿಡಿದು ಕಲಘಟಗಿ ತಾಲ್ಲೂಕಿಗೆ ಬರುತ್ತದೆ. ಅದೇ ರಸ್ತೆ ಹುಬ್ಬಳ್ಳಿ ದಾಟಿ ನವಲಗುಂದ ಮುಟ್ಟುವ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಮರ ಕಾಣುವುದು ಊರ ಹತ್ತಿರ ಮತ್ತು ಹಳ್ಳದ ದಂಡೆಯಲ್ಲಿ ಮಾತ್ರ. ಬೇಸಿಗೆಯಲ್ಲಿ ಎರಡೂ ಕಡೆ ಬೆಂಕಿ ಬೀಳುತ್ತದೆ, ಆದರೆ ಬೀಳುವ ಬೆಂಕಿ ಬೇರೆ ಬೇರೆ. ಪಶ್ಚಿಮದ ಕಲಘಟಗಿಯಲ್ಲಿ ತರಗೆಲೆ ಹಿಡಿದು ನೆಲದ ಮೇಲೆ ಹರಿಯುವ ಕಾಳ್ಗಿಚ್ಚು. ಪೂರ್ವದ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳಲ್ಲಿ ಬಣವಿ, ಕಣ, ಹತ್ತಿ, ಮೆಣಸಿನಕಾಯಿ ಮತ್ತು ಕಟಾವಿಗೆ ಬಂದ ಪೈರಿಗೆ ಹತ್ತುವ ಬೆಂಕಿ. ಜನವರಿಯಿಂದ ಮೇ ತನಕ ಎರಡನ್ನೂ ಎದುರಿಸುವವರು ಅಗ್ನಿಶಾಮಕ ಠಾಣೆಗಳ ಸಿಬ್ಬಂದಿ, ಅರಣ್ಯ ಇಲಾಖೆಯ ಕಾವಲುಗಾರರು ಮತ್ತು ಊರಿನ ಜನ. ಇವರಲ್ಲಿ ಊರಿನವರ ಪಾತ್ರವನ್ನು ಇಲಾಖೆಯ ಯೋಜನೆಗಳು ಕೊನೆಗೆ ಹೆಸರಿಸುತ್ತವೆ. ಈ ಸೀಮೆಯಲ್ಲಿ ಸುಟ್ಟಿದ್ದೆಷ್ಟು, ಉಳಿದಿದ್ದೆಷ್ಟು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಕೆಂಪು ವಾಹನ ಬಂದು ನಿಲ್ಲುವುದಕ್ಕೆ ಮುಂಚಿನ ಹೊತ್ತಿನಲ್ಲಿ. ಆ ಹೊತ್ತು ಊರಿನವರ ಕೈಯಲ್ಲಿರುತ್ತದೆ.

ಎರೆಸೀಮೆಯ ಬೆಂಕಿಯ ಕಾಲ ಹಿಂಗಾರಿ ಬೆಳೆಯ ಪಂಚಾಂಗವನ್ನೇ ಅನುಸರಿಸುತ್ತದೆ. ಕಡಲೆ ಕಟಾವು ಮುಗಿಯುತ್ತಿದ್ದಂತೆ ಗೋದಿ, ಬಿಳಿಜೋಳ, ಕುಸುಬಿ ಒಂದರ ಹಿಂದೆ ಒಂದು ಒಣಗಿ ನಿಲ್ಲುತ್ತವೆ. ಹತ್ತಿ ಬಿಡಿಸಿ ಮುಗಿದ ಹೊಲದಿಂದ ಕಿತ್ತ ಕಟಗಿಯ ರಾಶಿ ಒಲೆಯ ಉರುವಲಾಗಿ ಮನೆಯ ಹಿತ್ತಲಿಗೆ ಬರುತ್ತದೆ. ಕುಂದಗೋಳ ಸೀಮೆಯ ಮೆಣಸಿನಕಾಯಿ ಕಣದಲ್ಲಿ ಹರಡಿಕೊಂಡು ಬ್ಯಾಡಗಿ ಪೇಟೆಗೆ ಹೋಗಲು ಕಾಯುತ್ತಿರುತ್ತದೆ. ಸುಗ್ಗಿ ಮುಗಿದ ಮೇಲೆ ಜೋಳದ ಕಣಕಿ, ಕಡಲೆ ಹೊಟ್ಟು, ಶೇಂಗಾ ಹೊಟ್ಟು ಎಲ್ಲ ಬಣವಿಯಾಗಿ ಊರಿನ ಅಂಚಿಗೆ ಸೇರುತ್ತವೆ. ವರ್ಷವಿಡೀ ಎತ್ತು, ಎಮ್ಮೆಗಳ ಹೊಟ್ಟೆ ತುಂಬಬೇಕಾದ ಈ ಮೇವು ಒಂದೇ ಕಡೆ, ಸಾಲುಸಾಲಾಗಿ, ಅತಿ ಒಣ ತಿಂಗಳುಗಳಲ್ಲಿ ಬಯಲಿನಲ್ಲಿ ಬಿದ್ದಿರುತ್ತದೆ. ಪೆಟ್ಟಿಗೆಯಲ್ಲಿಟ್ಟ ಕಡ್ಡಿಗಳ ಹಾಗೆ ಒತ್ತೊತ್ತಾಗಿ ನಿಂತ ಬಣವಿಗಳ ಸಾಲಿನಲ್ಲಿ ಒಂದಕ್ಕೆ ಕಿಡಿ ತಗುಲಿದರೆ ಗಾಳಿ ಬೀಸಿದ ದಿಕ್ಕಿನ ಎಲ್ಲವಕ್ಕೂ ಆಪತ್ತು.

ಬಣವಿಗಳನ್ನು ಒತ್ತಾಗಿ ಒಟ್ಟುವುದಕ್ಕೂ ಕಾರಣವುಂಟು. ಊರ ಹತ್ತಿರದ ಹಿತ್ತಲು, ಗಾಂವಠಾಣದ ಅಂಚಿನ ಜಾಗ ಸಣ್ಣದು; ದನದ ಕೊಟ್ಟಿಗೆಗೆ ಮೇವು ಹತ್ತಿರವಿರಬೇಕು; ದೂರದ ಹೊಲದಲ್ಲಿ ಬಿಟ್ಟರೆ ಕಾಯುವವರಿಲ್ಲ. ಹೀಗಾಗಿ ಎರಡು ಬಣವಿಗಳ ನಡುವೆ ವಾಹನ ಹೋಗುವಷ್ಟು ಅಂತರ ಬಿಡಿ ಎಂಬ ಅಗ್ನಿಶಾಮಕರ ಸಲಹೆ ಬಹಳ ಊರುಗಳಲ್ಲಿ ಕಾಗದದಲ್ಲೇ ಉಳಿಯುತ್ತದೆ. ಸಲಹೆ ಸರಿಯಾದದ್ದು. ಜಾಗ ಕೊಡದೆ ಸಲಹೆ ಕೊಟ್ಟರೆ ಪ್ರಯೋಜನವಿಲ್ಲ ಎಂಬುದೂ ಅಷ್ಟೇ ಸರಿ. ಮೇವಿನ ಬಣವಿಗೆಂದು ಊರ ಹೊರಗೆ ಸ್ವಲ್ಪ ಜಾಗ ಗುರುತಿಸಿ, ನಡುನಡುವೆ ದಾರಿ ಬಿಡಿಸುವುದು ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸ, ಹೊಸ ವಾಹನ ಕೊಳ್ಳುವುದಕ್ಕಿಂತ ಅಗ್ಗದ್ದು.

ಕಿಡಿ ಎಲ್ಲಿಂದ ಬರುತ್ತದೆ? ಹೊಲದ ಮೇಲೆ ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿದಾಗ ಉದುರುವ ಕಿಡಿಯ ಮೇಲೆ ರೈತರ ಬೆರಳು ಮೊದಲು ಹೋಗುತ್ತದೆ. ಹೆಸ್ಕಾಂ ಎಂದು ಎಲ್ಲರೂ ಕರೆಯುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ತಂತಿಗಳೇ ಈ ಭಾಗದ ಎಲ್ಲ ಹೊಲಗಳ ಮೇಲೂ ಹಾದಿವೆ. ಕಟಾವಿಗೆ ಮುಂಚೆ ಸಡಿಲ ತಂತಿ ಬಿಗಿಯುವುದು, ಟ್ರಾನ್ಸ್‌ಫಾರ್ಮರ್ ಸುತ್ತಲಿನ ಹುಲ್ಲು ಕೊಯ್ಯುವುದು ಬೆಂಕಿ ತಡೆಯುವ ಮೊದಲ ಕೆಲಸಗಳು. ಒಲೆಯಿಂದ ತೆಗೆದು ತಿಪ್ಪೆಗೆ ಚೆಲ್ಲಿದ ಬೂದಿಯಲ್ಲಿ ಉಳಿದ ಕೆಂಡ, ಸೇದಿ ಎಸೆದ ಬೀಡಿ, ಬದುವಿನ ಕಸಕ್ಕೆ ಹಚ್ಚಿ ಕಾಯದೆ ಬಿಟ್ಟ ಬೆಂಕಿ, ಗೋದಿ ಕೊಯ್ದ ಮೇಲಿನ ಕೂಳೆ ಸುಡುವ ರೂಢಿ, ಕಬ್ಬು ಕಡಿದ ಹೊಲದ ರವದಿಗೆ ಹಚ್ಚುವ ಬೆಂಕಿ ಇವೆಲ್ಲ ಉಳಿದ ಕಾರಣಗಳು. ಡಾಂಬರು ರಸ್ತೆಯ ಮೇಲೆ ಹುರುಳಿ, ಜೋಳ ಹಾಸಿ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡುವ ಪದ್ಧತಿಯಲ್ಲಿ ಇನ್ನೊಂದು ಅಪಾಯವಿದೆ. ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು ಕಾದ ಹೊಗೆಕೊಳವೆಗೆ ತಾಗಿದರೆ ಕಾರೇ ಹೊತ್ತಿಕೊಳ್ಳುತ್ತದೆ. ಹೋಳಿ ಹುಣ್ಣಿಮೆಯೂ ಇದೇ ಕಾಲದ್ದು. ಕಟ್ಟಿಗೆ, ಕುಳ್ಳು ಕೂಡಿಸಿ ಕಾಮದಹನ ಮಾಡುವ ಉತ್ಸಾಹಕ್ಕೆ ಈ ಭಾಗದಲ್ಲಿ ಕೊರತೆಯಿಲ್ಲ. ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕಂತೂ ದೂರದೂರದ ಊರುಗಳಿಂದ ಜನ ಬರುತ್ತಾರೆ. ದೊಡ್ಡ ಜಾತ್ರೆ, ಉರುಸುಗಳ ಬಂದೋಬಸ್ತಿಗೆ ಅಗ್ನಿಶಾಮಕ ವಾಹನವೊಂದನ್ನು ನಿಲ್ಲಿಸುವುದು ರಾಜ್ಯದಲ್ಲೆಲ್ಲ ವಾಡಿಕೆ. ಅಷ್ಟು ಹೊತ್ತು ಆ ವಾಹನ ಬೇರೆ ಕರೆಗೆ ಹೊರಡುವುದು ಕಷ್ಟ.

ಬಣವಿಗೆ ಹತ್ತಿದ ಬೆಂಕಿ ಆರಿಸುವುದು ಮನೆಗೆ ಹತ್ತಿದ ಬೆಂಕಿ ಆರಿಸುವುದಕ್ಕಿಂತ ತಾಳ್ಮೆಯ ಕೆಲಸ. ಒತ್ತಾಗಿ ಒಟ್ಟಿದ ಕಣಕಿಯ ಮೇಲೆ ಬಿದ್ದ ನೀರು ಒಳಗಿಳಿಯದೆ ಜಾರಿಹೋಗುತ್ತದೆ. ಹೊರಗಿನ ಜ್ವಾಲೆ ಅಡಗಿದರೂ ಒಳಗಿನ ಕೆಂಡ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದ ತನಕ ಜೀವಂತವಾಗಿರುತ್ತದೆ. ಗಾಳಿ ಬೀಸಿದೊಡನೆ ಮತ್ತೆ ಉರಿಯೇಳುತ್ತದೆ. ಆದ್ದರಿಂದ ಬಲ್ಲ ಸಿಬ್ಬಂದಿ ಮೊದಲ ನೀರನ್ನು ಉರಿಯುತ್ತಿರುವ ಬಣವಿಗೆ ಸುರಿಯುವುದಿಲ್ಲ, ಪಕ್ಕದ ಬಣವಿ ಮತ್ತು ಕೊಟ್ಟಿಗೆಗಳನ್ನು ತೋಯಿಸುತ್ತಾರೆ. ಬಳಿಕ ಜೆಸಿಬಿ ತರಿಸಿ ಉರಿಯುವ ಬಣವಿಯನ್ನು ಒಡೆದು, ಹರಡಿ, ಪದರ ಪದರವಾಗಿ ನೀರು ಕೊಡುತ್ತಾರೆ. ಹತ್ತಿದ ಬಣವಿ ಹೋಯಿತೆಂದೇ ಲೆಕ್ಕ. ಕಣ್ಣೆದುರು ವರ್ಷದ ಮೇವು ಉರಿಯುತ್ತಿರುವ ಮನೆಯವರಿಗೆ ಈ ಕ್ರಮವನ್ನು ಆ ಹೊತ್ತಿನಲ್ಲಿ ತಿಳಿಹೇಳುವುದು ಸುಲಭವಲ್ಲ. ಹಾಗಾಗಿ ಇದನ್ನು ಡಿಸೆಂಬರಿನಲ್ಲೇ ಊರಿಗೆ ಹೋಗಿ ಹೇಳಿರಬೇಕು.

ಇಲ್ಲಿ ನೀರಿನ ಲೆಕ್ಕ ಬಹಳ ಮುಖ್ಯ. ಸಾಮಾನ್ಯ ಜಲವಾಹನವೊಂದರ ತೊಟ್ಟಿ ಸುಮಾರು 4,500 ಲೀಟರಿನದು. ಒಂದು ಹೋಸಿನಿಂದ ನಿಮಿಷಕ್ಕೆ 400ರಿಂದ 500 ಲೀಟರ್ ಬಿಟ್ಟರೂ ಹತ್ತು ನಿಮಿಷದಲ್ಲಿ ತೊಟ್ಟಿ ಬರಿದು. ನಗರದಲ್ಲಿ ಆಮೇಲೆ ಇನ್ನೊಂದು ವಾಹನ ಬರುತ್ತದೆ. ಎರೆಸೀಮೆಯಲ್ಲಿ ಇದೇ ವಾಹನ ನೀರು ಹುಡುಕಿಕೊಂಡು ಹೋಗಬೇಕು. ನವಲಗುಂದ, ಅಣ್ಣಿಗೇರಿ ಕಡೆಯ ಅಂತರ್ಜಲ ಸವಳು, ಬೋರುಗಳನ್ನು ನೆಚ್ಚುವಂತಿಲ್ಲ. ಮಲಪ್ರಭಾ ಕಾಲುವೆಯ ನೀರು ತುಂಬಿಸಿಕೊಂಡ ಕುಡಿಯುವ ನೀರಿನ ಕೆರೆಗಳೇ ಊರಿನ ಆಧಾರ. ಮಾರ್ಚ್ ಹೊತ್ತಿಗೆ ಅವೂ ಇಳಿದಿರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆಯಿಂದಲೂ ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನದ ನೆರವಿನಿಂದಲೂ ಈ ತಾಲ್ಲೂಕುಗಳಲ್ಲಿ ತೋಡಿದ ಕೃಷಿಹೊಂಡಗಳು ಅಗ್ನಿಶಾಮಕರಿಗೆ ಹೊಸ ನೀರಿನ ತಾಣಗಳು. ಯಾವ ಹೊಂಡದಲ್ಲಿ ನೀರಿದೆ, ವಾಹನ ದಂಡೆಯ ತನಕ ಹೋಗುತ್ತದೆಯೇ ಎಂಬುದನ್ನು ಪ್ರತಿ ಜನವರಿಯಲ್ಲಿ ಊರೂರಿಗೆ ಹೋಗಿ ಬರೆದಿಟ್ಟುಕೊಂಡ ಠಾಣೆಗೆ ಆ ಪಟ್ಟಿ ಇನ್ನೊಂದು ವಾಹನದಷ್ಟೇ ಬೆಲೆಬಾಳುತ್ತದೆ. ಕಾಲುವೆ ನೀರು, ಮಹದಾಯಿ, ಕಳಸಾ ಬಂಡೂರಿ ಎಂದು ದಶಕಗಳಿಂದ ಹೋರಾಡುತ್ತಿರುವ ಈ ಸೀಮೆಯಲ್ಲಿ ಬೆಂಕಿಯ ಮಾತು ಕೊನೆಗೆ ನೀರಿನ ಮಾತೇ ಆಗುತ್ತದೆ.

ಮೆಣಸಿನಕಾಯಿ ಮತ್ತು ಹತ್ತಿಯ ಬೆಂಕಿಗೆ ಬೇರೆಯೇ ಸಿದ್ಧತೆ ಬೇಕು. ಒಣಮೆಣಸಿನಕಾಯಿ ಉರಿದರೆ ಏಳುವ ಘಾಟಿಗೆ ಕಣ್ಣು ಬಿಡಲಾಗದು, ಉಸಿರು ಕಟ್ಟುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಖವಾಡ ಹಾಕದೆ ಹತ್ತಿರ ಹೋಗುವುದು ಅಪಾಯ. ಅರಳೆಯ ಬೇಲುಗಳಿಗೆ ತಗುಲಿದ ಕಿಡಿ ಜ್ವಾಲೆ ತೋರಿಸದೆ ಒಳಗೊಳಗೇ ಸುಡುತ್ತ ಹೋಗುತ್ತದೆ. ಭಾರತದ ಅಗ್ನಿಶಾಮಕ ಸೇವೆಯ ಅತಿ ದೊಡ್ಡ ದುರಂತದಲ್ಲೂ ಹತ್ತಿಯಿತ್ತು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿನಲ್ಲಿ ಸ್ಫೋಟಕಗಳ ಜತೆ ಕರಾಚಿಯಲ್ಲಿ ಹೇರಿದ ಹತ್ತಿಯ ಬೇಲುಗಳೂ ಇದ್ದವು. ಸರಕಿನಲ್ಲಿ ಕಾಣಿಸಿಕೊಂಡ ಹೊಗೆ ಆರಿಸಲು ಹೋದ ಹತ್ತಾರು ಅಗ್ನಿಶಾಮಕರು ಸ್ಫೋಟದಲ್ಲಿ ಸತ್ತರು. ಅವರ ನೆನಪಿಗೆ ದೇಶದೆಲ್ಲೆಡೆ ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಶಾಲೆ, ಬಸ್ ನಿಲ್ದಾಣ, ಪೇಟೆಗಳಲ್ಲಿ ಅಣಕು ಪ್ರದರ್ಶನ ತೋರಿಸುವ ದಿನಗಳಿವು. ಧಾರವಾಡದ ಎರೆಸೀಮೆಯ ಮಟ್ಟಿಗೆ ಮಾತ್ರ ಸಪ್ತಾಹ ಬರುವ ಹೊತ್ತಿಗೆ ಸುಗ್ಗಿಯ ಬೆಂಕಿಯ ಬಹುಭಾಗ ಮುಗಿದಿರುತ್ತದೆ. ಊರಿನ ಜನರಿಗೆ ತರಬೇತಿ ಕೊಡಲು ಸಂಕ್ರಾಂತಿಯ ಆಸುಪಾಸು ಇದಕ್ಕಿಂತ ಒಳ್ಳೆಯ ಕಾಲ.

ಕರ್ನಾಟಕದಲ್ಲಿ ಬೆಂಕಿ ಆರಿಸುವುದು ಪುರಸಭೆಯ ಕೆಲಸವಲ್ಲ, ರಾಜ್ಯ ಸರ್ಕಾರದ್ದು. 1964ರ ಅಗ್ನಿಶಾಮಕ ದಳ ಅಧಿನಿಯಮ ಇದಕ್ಕೆ ಅಡಿಪಾಯ. ಅಗ್ನಿಶಾಮಕ ದಳ ಎಂದಿದ್ದ ಹೆಸರು ಈಗ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಎಂದಾಗಿದೆ. ಹೆಸರು ಹಿಗ್ಗಿದಷ್ಟೇ ಕೆಲಸವೂ ಹಿಗ್ಗಿದೆ. ಠಾಣಾಧಿಕಾರಿ, ಸಹಾಯಕ ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕ, ಚಾಲಕ, ಅಗ್ನಿಶಾಮಕ ಎಂಬ ಏಣಿಯ ಮೇಲೆ ಠಾಣೆ ನಡೆಯುತ್ತದೆ. ಇಲಾಖೆಯ ತರಬೇತಿಯ ಮುಖ್ಯ ಕೇಂದ್ರ ಬೆಂಗಳೂರಿನ ಆರ್. ಎ. ಮುಂಡ್ಕೂರ್ ಅಕಾಡೆಮಿ. ಬೆಳಗಿನ ಕವಾಯತು, ಪಂಪು ಚಾಲೂ ಮಾಡಿ ನೋಡುವುದು, ಹೋಸುಗಳನ್ನು ಒಣಗಿಸಿ ಸುತ್ತಿಡುವುದು, ತೊಟ್ಟಿ ತುಂಬಿಯೇ ಇರುವಂತೆ ನೋಡಿಕೊಳ್ಳುವುದು ದಿನನಿತ್ಯದ ಕೆಲಸ. ಕರೆ ಬರುವುದು 101ಕ್ಕೆ ಅಥವಾ 112ಕ್ಕೆ. ಕರೆ ಮಾಡುವವರು ಊರಿನ ಹೆಸರಿನ ಜತೆಗೆ ಹತ್ತಿರದ ದೊಡ್ಡ ಊರು, ಯಾವ ದಾರಿಯಿಂದ ಬರಬೇಕು, ಏನು ಉರಿಯುತ್ತಿದೆ ಎಂಬಷ್ಟನ್ನು ಹೇಳಿದರೆ ದಾರಿಯಲ್ಲಿ ಸಾಕಷ್ಟು ಹೊತ್ತು ಉಳಿಯುತ್ತದೆ. ಒಂದೇ ಹೆಸರಿನ ಹಳ್ಳಿಗಳು ಈ ಭಾಗದಲ್ಲಿ ಕಡಿಮೆಯಿಲ್ಲ.

ದೂರ ಈ ಸೀಮೆಯ ದೊಡ್ಡ ತೊಡಕು. ಗ್ರಾಮೀಣ ಪ್ರದೇಶದಲ್ಲಿ ಕರೆ ಬಂದ 20 ನಿಮಿಷದೊಳಗೆ ವಾಹನ ಸ್ಥಳ ಮುಟ್ಟಬೇಕೆಂಬುದು ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಮಾನದಂಡ. ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು 20 ಕಿಲೋಮೀಟರ್. ಕಲಘಟಗಿ ಸುಮಾರು 30. ನವಲಗುಂದ, ಅಣ್ಣಿಗೇರಿ ಸುಮಾರು 35. ಇವೆಲ್ಲ ತಾಲ್ಲೂಕು ಊರಿನ ತನಕದ ದೂರಗಳು, ಅದೂ ಹೆದ್ದಾರಿಯ ಮೇಲೆ. ಬೆಂಕಿ ಬಿದ್ದಿರುವುದು ಅಲ್ಲಿಂದಾಚೆಯ ಹಳ್ಳಿಯಲ್ಲಿ, ಹಳ್ಳಿಯಿಂದಾಚೆಯ ಚಕ್ಕಡಿ ದಾರಿಯ ತುದಿಯಲ್ಲಿ. ಬೇಸಿಗೆಯಲ್ಲಿ ಬಿರಿದ ಎರೆಮಣ್ಣಿನ ಮೇಲೆ ತುಂಬಿದ ತೊಟ್ಟಿಯ ವಾಹನ ನಿಧಾನವಾಗಿಯೇ ಸಾಗಬೇಕು. ನಗರದ ವಾಹನವನ್ನು ನಂಬಿ ಕುಳಿತರೆ ಹಳ್ಳಿಯ ಲೆಕ್ಕ ಕೂಡುವುದಿಲ್ಲ. ತಾಲ್ಲೂಕಿಗೊಂದು ಠಾಣೆ ಇರಬೇಕೆಂಬ ಬೇಡಿಕೆ ಹುಟ್ಟಿದ್ದೇ ಈ ಲೆಕ್ಕದಿಂದ. ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆ ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಆರಂಭಿಸಿತು. ಅಂಥ ಹಣದಲ್ಲಿ ಗಗನಚುಂಬಿ ಕಟ್ಟಡಕ್ಕೆ ಬೇಕಾದ ಎತ್ತರದ ಏಣಿಯ ವಾಹನಕ್ಕೆ ಎಷ್ಟು, ಚಕ್ಕಡಿ ದಾರಿಯಲ್ಲಿ ನುಗ್ಗಬಲ್ಲ ಸಣ್ಣ ಜಲವಾಹನಕ್ಕೆ ಎಷ್ಟು ಎಂಬ ಪ್ರಶ್ನೆಯನ್ನು ನವಲಗುಂದ, ಕುಂದಗೋಳಗಳ ಜನಪ್ರತಿನಿಧಿಗಳು ಕೇಳಲೇಬೇಕು.

ಕಲಘಟಗಿಯ ಕಾಡಿನಲ್ಲಿ ಕಥೆ ಬೇರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಿಗೆ ತಾಗಿಕೊಂಡಿರುವ ಇದು ಎಲೆ ಉದುರುವ ಕಾಡು. ಫೆಬ್ರವರಿಯ ಹೊತ್ತಿಗೆ ಸಾಗವಾನಿಯ ಅಗಲ ಎಲೆಗಳು ನೆಲದ ಮೇಲೆ ದಪ್ಪ ಹಾಸಾಗಿ ಒಣಗಿರುತ್ತವೆ. ಇಲ್ಲಿನ ಕಿಚ್ಚು ಮರದ ತಲೆಗೆ ಏರುವುದು ಅಪರೂಪ; ಮೊಣಕಾಲೆತ್ತರದಲ್ಲಿ ತರಗೆಲೆ, ಹುಲ್ಲು, ಲಂಟಾನ ಪೊದೆಗಳನ್ನು ತಿನ್ನುತ್ತ ಹರಿಯುತ್ತದೆ. ದೊಡ್ಡ ಮರಗಳು ಬಹುಮಟ್ಟಿಗೆ ಬದುಕುತ್ತವೆ. ಸಾಯುವುದು ಸಸಿಗಳು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳು, ಆಮೆ, ಹಾವುಗಳು, ಬರುವ ಮಳೆಗಾಲಕ್ಕೆ ಮಣ್ಣು ಹಿಡಿದಿಡಬೇಕಿದ್ದ ಎಲೆಗೊಬ್ಬರ. ಕಿಚ್ಚು ಹಾದ ಕಾಡು ಜೂನಿನಲ್ಲಿ ಹಸಿರಾಗಿ ಕಾಣುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ವರ್ಷ ವರ್ಷವೂ ಬಿದ್ದರೆ ಮುಂದಿನ ತಲೆಮಾರಿನ ಮರಗಳೇ ಇರುವುದಿಲ್ಲ.

ಮೀಸಲು ಅರಣ್ಯದ ಬೆಂಕಿ ಕಾನೂನಿನ ಪ್ರಕಾರ ಅರಣ್ಯ ಇಲಾಖೆಯ ಹೊಣೆ. 1963ರ ಕರ್ನಾಟಕ ಅರಣ್ಯ ಅಧಿನಿಯಮ ಕಾಡಿಗೆ ಬೆಂಕಿ ಹಚ್ಚುವುದನ್ನು ಶಿಕ್ಷಾರ್ಹ ಅಪರಾಧವೆನ್ನುತ್ತದೆ. ಬೇಸಿಗೆಗೆ ಮುಂಚೆ ಬೆಂಕಿರೇಖೆಗಳ ಹುಲ್ಲು ಕೆತ್ತಿ ಸುಡುವುದು, ಬೆಂಕಿ ಕಾವಲುಗಾರರನ್ನು ನೇಮಿಸುವುದು ಅರಣ್ಯ ವಲಯದ ವಾರ್ಷಿಕ ಕೆಲಸ. ಕಾಡನ್ನು ಹೀಗೆ ಕಾಯುವ ಪದ್ಧತಿ ಭಾರತದಲ್ಲಿ 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಮಾಡಿದ ಪ್ರಯೋಗದಿಂದ ಬೆಳೆಯಿತು. ಈಗ ಉಪಗ್ರಹವೂ ಕಾವಲಿಗಿದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ನವೆಂಬರಿನಿಂದ ಜೂನ್ ತನಕ ಉಪಗ್ರಹದಲ್ಲಿ ಕಂಡ ಬಿಸಿಯ ತಾಣಗಳ ಸೂಚನೆಯನ್ನು ಮೊಬೈಲಿಗೆ ಕಳಿಸುತ್ತದೆ. ವಿಐಐಆರ್‌ಎಸ್ ಎಂಬ ಉಪಕರಣದ ಒಂದು ಚುಕ್ಕೆ 375 ಮೀಟರ್ ಅಗಲದ ನೆಲವನ್ನು ಒಳಗೊಳ್ಳುತ್ತದೆ. ಆದರೆ ಉಪಗ್ರಹ ಹಾದುಹೋದ ಹೊತ್ತಿಗೆ ಉರಿಯುತ್ತಿದ್ದದ್ದು ಮಾತ್ರ ಅದಕ್ಕೆ ಕಾಣುತ್ತದೆ. ಮಧ್ಯಾಹ್ನ ಮೂರಕ್ಕೆ ಹತ್ತಿದ ಕಿಚ್ಚನ್ನು ಮೊದಲು ಕಾಣುವವನು ದನ ಮೇಯಿಸುವ ಹುಡುಗನೇ.

ಕಾಡಿನೊಳಗೆ ಜಲವಾಹನ ಹೋಗದು. ಅಗ್ನಿಶಾಮಕ ಠಾಣೆಯ ಪಾತ್ರ ರಸ್ತೆಯ ಬದಿಗೆ, ಊರಂಚಿಗೆ, ನೆಡುತೋಪಿನ ಅಂಚಿಗೆ ಸೀಮಿತ. ಒಳಗೆ ಕೆಲಸ ಮಾಡುವುದು ಹಸಿ ಸೊಪ್ಪಿನ ಟೊಂಗೆ, ಎಲೆ ಊದುವ ಯಂತ್ರ ಮತ್ತು ಗಾಳಿ ನೋಡಿ ಕೊಡುವ ಎದುರುಬೆಂಕಿ. ಇದು ಜೀವಕ್ಕೆ ಎರವಾಗುವ ಕೆಲಸ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಕಿಚ್ಚು ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಕಲಘಟಗಿಯಂಥ ತುಂಡು ತುಂಡು ಕಾಡಿಗೆ ಹೆಲಿಕಾಪ್ಟರ್ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಅಲ್ಲಿ ಬೇಕಿರುವುದು ಹೊಲದ ಬದು ಸುಡುವ ದಿನ ಅರಣ್ಯ ರಕ್ಷಕರಿಗೆ ಒಂದು ಮಾತು ಹೇಳುವ ರೂಢಿ. 1990ರ ದಶಕದಲ್ಲಿ ರಾಜ್ಯದಲ್ಲಿ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳು ಸಕ್ರಿಯವಾಗಿರುವ ಕಡೆ ಈ ಮಾತುಕತೆಗೆ ದಾರಿಯಿದೆ. ಕಾಡಿನ ಹುಲ್ಲು, ಕಟ್ಟಿಗೆ, ಜೇನಿನಲ್ಲಿ ಪಾಲಿದೆಯೆಂದು ತಿಳಿದ ಊರು ಕಿಚ್ಚು ಕಂಡೊಡನೆ ಓಡುತ್ತದೆ. ಕಾಡು ತನ್ನದಲ್ಲ ಎನ್ನಿಸಿದ ಊರು ನೋಡುತ್ತ ನಿಲ್ಲುತ್ತದೆ.

ಊರಿನವರನ್ನೇ ಅಗ್ನಿಶಾಮಕ ವ್ಯವಸ್ಥೆಯ ಅಂಗವಾಗಿಸಿದ ನಾಡುಗಳಿವೆ. 1939ರ ಭೀಕರ ಕಾಡ್ಗಿಚ್ಚಿನ ಅನುಭವದ ಬಳಿಕ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಹಳ್ಳಿಗಾಡಿಗೆಂದೇ ಪ್ರತ್ಯೇಕ ಅಗ್ನಿಶಾಮಕ ಪ್ರಾಧಿಕಾರ ಕಟ್ಟಿತು. ಅದು ಇಂದಿಗೂ ಬಹುಪಾಲು ಸ್ವಯಂಸೇವಕರ ಬಲದಿಂದಲೇ ನಡೆಯುತ್ತದೆ. ರೈತನೇ ಸಮವಸ್ತ್ರ ತೊಟ್ಟು ಊರಿನ ವಾಹನ ಓಡಿಸುತ್ತಾನೆ. ಭಾರತದಲ್ಲಿ ಇದಕ್ಕೆ ಹತ್ತಿರದ್ದು ಗೃಹರಕ್ಷಕ ದಳ ಮತ್ತು ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಸ್ವಯಂಸೇವಕ ಯೋಜನೆ. ಧಾರವಾಡದ ಹಳ್ಳಿಗಳಲ್ಲಿ ಹೆಸರಿಲ್ಲದೆಯೂ ಇಂಥದೊಂದು ಪಡೆ ಇದ್ದೇ ಇದೆ. ಗುಡಿಯ ಮೈಕಿನಲ್ಲಿ ಕೂಗಿ ಹೇಳಿದೊಡನೆ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಜೋಡಿಸಿ ತರುವ, ಔಷಧ ಹೊಡೆಯುವ ಪಂಪಿನಲ್ಲೇ ನೀರು ಚಿಮುಕಿಸುವ, ಕೊಟ್ಟಿಗೆಗೆ ನುಗ್ಗಿ ದನಗಳ ಕಣ್ಣಿ ಕೊಯ್ಯುವ ಜನ ಅವರು. ಅವರಿಗೆ ತಿಳಿಸಬೇಕಾದದ್ದು ಸ್ವಲ್ಪವೇ: ಮೊದಲು ಹೆಸ್ಕಾಂಗೆ ಹೇಳಿ ಕರೆಂಟ್ ತೆಗೆಸಬೇಕು, ಗಾಳಿಯ ಎದುರು ನಿಲ್ಲಬಾರದು, ಉರಿಯುವ ಬಣವಿಯ ಮೇಲೆ ಹತ್ತಬಾರದು. ಟ್ಯಾಂಕರಿನ ಬಾಯಿಗೂ ಅಗ್ನಿಶಾಮಕ ಪಂಪಿಗೂ ಹೊಂದುವ ಕೊಳವೆ ಜೋಡಣೆಯೊಂದು ಪಂಚಾಯಿತಿಯಲ್ಲಿದ್ದರೆ ಬೆಂಕಿಯ ದಿನ ಅದು ಬಹಳ ದೊಡ್ಡ ನೆರವು.

ಬೆಂಕಿ ಆರಿದ ಮೇಲೆ ಕಾಗದದ ಕೆಲಸ ಮೊದಲಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ, ಅಗ್ನಿಶಾಮಕ ಠಾಣೆಯ ವರದಿ, ದನ ಸತ್ತಿದ್ದರೆ ಪಶುವೈದ್ಯರ ಪ್ರಮಾಣಪತ್ರ ಇವು ತಹಶೀಲ್ದಾರರ ಕಚೇರಿ ಸೇರಬೇಕು. ಬೆಂಕಿಯೂ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. 2022ರಿಂದ 2026ರ ಅವಧಿಯ ಕೇಂದ್ರದ ಮಾನದಂಡದಂತೆ ಹಾಲು ಕೊಡುವ ಆಕಳು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಸುಟ್ಟ ಗುಡಿಸಲಿಗೆ 8,000, ಮನೆಗೆ ಸೇರಿದ ಕೊಟ್ಟಿಗೆಗೆ 3,000. ಬಣವಿ ಸುಟ್ಟರೆ ರಾಜ್ಯದ ಕೃಷಿ ಇಲಾಖೆಯ ಮೂಲಕ 20,000 ರೂಪಾಯಿ ತನಕ ಪರಿಹಾರಕ್ಕೆ ಅವಕಾಶವಿದೆ. ಬರಗಾಲದಲ್ಲಿ ಈ ಮೊತ್ತ ಮೇವಿನ ಬೆಲೆಯನ್ನು ಮುಟ್ಟುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದಂಥ ವರ್ಷದಲ್ಲಿ ಬಣವಿ ಕಳೆದುಕೊಂಡವರಿಗೆ ಹಣ ಕೊಟ್ಟರೂ ಮೇವು ಸಿಗುವುದು ಕಷ್ಟ, ಕೊನೆಗೆ ಜೋಡೆತ್ತು ಸಂತೆಗೆ ಹೋಗುತ್ತವೆ. ಹಣದ ಜತೆಗೆ ಮೇವನ್ನೇ ಪರಿಹಾರವಾಗಿ ಕೊಡುವ ಏರ್ಪಾಡು ಈ ಸೀಮೆಗೆ ಹೆಚ್ಚು ಹೊಂದುತ್ತದೆ.

ಠಾಣೆಯ ಸಿಬ್ಬಂದಿಗೆ ಬೆಂಕಿಯ ಕಾಲವೆಂದು ಬೇರೆ ಕರೆಗಳೇನೂ ನಿಲ್ಲುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. ಅವಶೇಷಗಳಡಿ ಸಿಕ್ಕಿದವರನ್ನು ಹೊರತೆಗೆಯುವ ಕೆಲಸ ಹಲವು ದಿನ ನಡೆಯಿತು. ಅಗ್ನಿಶಾಮಕರು ಅದರಲ್ಲಿ ತೊಡಗಿದ್ದ ಆ ದಿನಗಳು ಎರೆಸೀಮೆಯಲ್ಲಿ ಬಣವಿ ಒಟ್ಟುವ ದಿನಗಳೇ ಆಗಿದ್ದವು. ಅದೇ ವರ್ಷ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ನವಲಗುಂದ ತಾಲ್ಲೂಕಿನ ಊರುಗಳನ್ನು ಸುತ್ತುವರಿದವು. ಹಾಗಾಗಿ ಬೇಸಿಗೆಯ ಕೊನೆಗೆ, ಮೇ ತಿಂಗಳಲ್ಲಿ, ಹೋಸುಗಳ ದುರಸ್ತಿ ನಡೆಯುತ್ತಿರುವಾಗಲೇ ರಬ್ಬರ್ ದೋಣಿಗೆ ಗಾಳಿ ತುಂಬಿ ನೋಡುವುದು, ಜೀವರಕ್ಷಕ ಜಾಕೆಟ್ ಮತ್ತು ಹಗ್ಗಗಳ ಎಣಿಕೆ ಮಾಡುವುದು ಅಗ್ನಿಶಾಮಕ ಮತ್ತು ತುರ್ತು ಸೇವೆಯ ಠಾಣೆಗಳ ಮಳೆಗಾಲದ ಸಿದ್ಧತೆಗೆ ಸೇರುತ್ತದೆ.